ನಲ್ಲಿಯಿಲ್ಲದ ಮನೆ

ದೊಡ್ಡವರ ದಿನಚರಿ ಹೇಳುವ ಪಟ್ಟಿಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಬೀಥೋವನ್ ಒಂದು ಕಪ್ ಕಾಫಿಗೆ ಎಣಿಸಿ 60 ಬೀಜ ಹಾಕುತ್ತಿದ್ದನಂತೆ. ಚೈಕೋವ್‌ಸ್ಕಿ ಊಟವಾದ ಮೇಲೆ ಎರಡು ಗಂಟೆ ನಡೆಯುತ್ತಿದ್ದನಂತೆ. ನಾವೂ ಹಾಗೇ ಮಾಡಿದರೆ ನಮ್ಮೊಳಗಿಂದಲೂ ಒಂದು ಸಿಂಫನಿ ಹೊರಬಂದೀತು ಅನ್ನುವ ಧಾಟಿಯಲ್ಲಿ ಅವುಗಳನ್ನು ಬರೆದಿರುತ್ತಾರೆ. ಇಂಥದ್ದನ್ನು ಓದಿದಾಗಲೆಲ್ಲ ನನಗೆ ಬರೋದು ಒಂದೇ ಪ್ರಶ್ನೆ: ಆ ಕಾಫಿ ಕಪ್ ತೊಳೆದವರು ಯಾರು?

ಫಿನ್ಲೆಂಡಿನ ಸಂಗೀತಕಾರ ಜಾನ್ ಸಿಬೇಲಿಯಸ್ ಈ ಪಟ್ಟಿಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಅವನ ದಿನಚರಿಯನ್ನು ಪೋಸ್ಟರ್ ಮಾಡಿ ಗೋಡೆಗೆ ಅಂಟಿಸೋದು ಕಷ್ಟ. ಏಳುತ್ತಿದ್ದದ್ದು ತಡ, ಕೆಲಸ ಹೆಚ್ಚಾಗಿ ರಾತ್ರಿ. ಸಿಗಾರು, ವಿಸ್ಕಿ, ಸಾಲ ಎಲ್ಲವೂ ಇದ್ದವು. ವಾರಗಟ್ಟಲೆ ಒಂದು ಸಾಲೂ ಬರೆಯದ ದಿನಗಳಿದ್ದವು. ಆದರೆ ಆತ ಐವತ್ಮೂರು ವರ್ಷ ಒಂದೇ ಮನೆಯಲ್ಲಿ, ಒಂದು ಸರೋವರದ ಮಗ್ಗುಲಲ್ಲಿ ಬದುಕಿದ. ಆ ಮನೆಯ ಒಂದು ದಿನ ಹೇಗಿರುತ್ತಿತ್ತು ಅಂತ ಕೂಡಿಸಿ ನೋಡಲು ಹೊರಟರೆ ಕಣ್ಣಿಗೆ ಮೊದಲು ಬೀಳೋದು ಸಂಗೀತವಲ್ಲ, ತರಕಾರಿ ತೋಟ.

ಮನೆಯ ಹೆಸರು ಐನೋಲಾ. ಫಿನ್ನಿಷ್ ಭಾಷೆಯಲ್ಲಿ ಅದರರ್ಥ ‘ಐನೋಳ ಜಾಗ’. ಐನೋ ಅವನ ಹೆಂಡತಿ. ಹೆಸರಿಡುವಾಗ ಅದು ಪ್ರೀತಿಯ ಮಾತಾಗಿತ್ತು, ಆಮೇಲೆ ವಸ್ತುಸ್ಥಿತಿಯೇ ಆಯಿತು.

ಅವರು ಹೆಲ್ಸಿಂಕಿ ಬಿಟ್ಟು ಇಲ್ಲಿಗೆ ಬಂದದ್ದು 1904ರ ಸೆಪ್ಟೆಂಬರಿನಲ್ಲಿ. ಪ್ರಕೃತಿಯ ಮಡಿಲು, ಸ್ಫೂರ್ತಿ ಅಂತೆಲ್ಲ ಹೇಳಬಹುದು, ಅದೂ ಸುಳ್ಳಲ್ಲ. ಆದರೆ ಮುಖ್ಯ ಕಾರಣ ಬೇರೆ. ರಾಜಧಾನಿಯಲ್ಲಿ ಗೆಳೆಯರಿದ್ದರು, ರೆಸ್ಟೋರೆಂಟುಗಳಿದ್ದವು. ಒಂದು ಗ್ಲಾಸಿಗೆ ಅಂತ ಹೊರಟ ಸಿಬೇಲಿಯಸ್ ಯಾವಾಗ ವಾಪಸ್ ಬರುತ್ತಾನೆ ಅನ್ನುವುದಕ್ಕೆ ಲೆಕ್ಕವಿರಲಿಲ್ಲ. ಸಾಲ ಏರುತ್ತಿತ್ತು. ಊರಿಂದ ಸುಮಾರು 40 ಕಿಲೋಮೀಟರ್ ದೂರ ಹೋದರೆ ಗಂಡನೂ ಉಳಿಯುತ್ತಾನೆ, ಕೆಲಸವೂ ನಡೆಯುತ್ತದೆ ಅನ್ನುವುದು ಮನೆಯವರ ಆಸೆ. ಯಾರ್ವೆನ್‌ಪ್ಯಾ ಅನ್ನುವ ಊರಲ್ಲಿ, ಟೂಸುಲಾ ಸರೋವರದ ಹತ್ತಿರ ಜಾಗ ಕೊಂಡರು. ಆ ದಡದಲ್ಲಿ ಆಗಲೇ ಕಲಾವಿದರ ಒಂದು ಸಣ್ಣ ಕೇರಿಯೇ ಇತ್ತು. ಕಾದಂಬರಿಕಾರ ಯುಹಾನಿ ಆಹೋ, ಚಿತ್ರಕಾರ ಪೆಕ್ಕಾ ಹಾಲೊನೆನ್, ಐನೋಳ ಅಣ್ಣ, ಚಿತ್ರಕಾರ ಏರೋ ಯಾರ್ನೆಫೆಲ್ಟ್ ಎಲ್ಲ ಅಲ್ಲಿದ್ದರು. ರೈಲ್ವೆ ಸ್ಟೇಷನ್ ಮಾತ್ರ ಹತ್ತಿರವೇ ಇತ್ತು, ಹಾಗಾಗಿ ಹೆಲ್ಸಿಂಕಿ ಐನೋಳಿಗೆ ಬೇಕಾದಷ್ಟು ದೂರವಾಗಲೇ ಇಲ್ಲ.

ಮನೆಯ ನಕ್ಷೆ ಮಾಡಿದ್ದು ಲಾರ್ಸ್ ಸೊಂಕ್, ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ. ಸಿಬೇಲಿಯಸ್ ಅವನ ಮುಂದಿಟ್ಟದ್ದು ಎರಡೇ ಬೇಡಿಕೆ. ಒಂದು, ಮನೆಯಿಂದ ಸರೋವರ ಕಾಣಬೇಕು. ಎರಡು, ಊಟದ ಕೋಣೆಯಲ್ಲಿ ಹಸಿರು ಬಣ್ಣದ ಅಗ್ಗಿಷ್ಟಿಕೆ ಇರಬೇಕು. ಸ್ವರಗಳಿಗೆ ಬಣ್ಣ ಕಾಣುವ ಮನಸ್ಸು ಅವನದು. ಆ ಹಸಿರು ಅವನ ಪಾಲಿಗೆ ಎಫ್ ಮೇಜರ್ ಅನ್ನುವ ಶ್ರುತಿಯ ಬಣ್ಣ. ಈ ಅಗ್ಗಿಷ್ಟಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಮ್ಮಲ್ಲಿ ವಾಗ್ಗೇಯಕಾರರ ಕೃತಿಗಳು ಹೆಚ್ಚಾಗಿ ಬಾಯಿಂದ ಬಾಯಿಗೆ, ಶಿಷ್ಯರ ಕಂಠದಲ್ಲಿ ಉಳಿದು ಬಂದವು. ಸಿಂಫನಿಯ ಕೆಲಸ ಹಾಗಲ್ಲ. ಎಂಬತ್ತು ತೊಂಬತ್ತು ಜನ ಒಟ್ಟಿಗೆ ನುಡಿಸಬೇಕಾದ್ದನ್ನು ಒಬ್ಬನೇ ಕೂತು, ಒಂದೊಂದು ವಾದ್ಯಕ್ಕೂ ಒಂದೊಂದು ಸಾಲಿನಂತೆ ಕಾಗದದ ಮೇಲೆ ಬರೆಯಬೇಕು. ಸಿಬೇಲಿಯಸ್ ಪಿಯಾನೋ ಮುಂದೆ ಕೂತು ಹುಡುಕುವವನಲ್ಲ. ಅಷ್ಟೂ ವಾದ್ಯಗಳು ತಲೆಯೊಳಗೇ ಕೇಳಿಸಬೇಕು. ಹಾಗಿದ್ದಾಗ ಹೊರಗಿನ ಒಂದು ಸಣ್ಣ ಶಬ್ದ, ಅದರಲ್ಲೂ ಶ್ರುತಿಯಿರುವ ಶಬ್ದ, ಎಲ್ಲವನ್ನೂ ಕಲಕಿಬಿಡುತ್ತದೆ.

ಹಾಗಾಗಿ ಐನೋಲಾದ ಮೊದಲ ನಿಯಮ ನಿಶ್ಶಬ್ದ. ಅಪ್ಪ ಕೆಲಸ ಮಾಡುತ್ತಿದ್ದರೆ ಮಕ್ಕಳು ಓಡುವಂತಿಲ್ಲ, ಕೂಗುವಂತಿಲ್ಲ. ಕೆಲಸದವರು ಹಾಡಿಕೊಳ್ಳುವಂತಿಲ್ಲ. ಹೆಣ್ಣುಮಕ್ಕಳು ಪಿಯಾನೋ ಅಭ್ಯಾಸ ಮಾಡಬೇಕಾದರೆ ಅಪ್ಪ ಮನೆಯಲ್ಲಿಲ್ಲದ ಹೊತ್ತು ಕಾಯಬೇಕು. ದೇಶದ ದೊಡ್ಡ ಸಂಗೀತಗಾರನ ಮನೆಯಲ್ಲಿ ಸಂಗೀತಕ್ಕೇ ಕರ್ಫ್ಯೂ! 1911ರಲ್ಲಿ ಮಹಡಿ ಕಟ್ಟಿಸಿ ಅವನ ಕೋಣೆಯನ್ನು ಮೇಲಕ್ಕೆ ಸಾಗಿಸಿದ ಮೇಲೆ ಕೆಳಗಿನವರಿಗೆ ಸ್ವಲ್ಪ ಉಸಿರು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ವಿಷಯ. ಗೋಡೆಯೊಳಗಿನ ಪೈಪಿನಲ್ಲಿ ನೀರು ಹರಿಯುವ ಸದ್ದು ತನಗಾಗದು ಅಂತ ಸಿಬೇಲಿಯಸ್ ಮನೆಗೆ ನಲ್ಲಿ ಹಾಕಿಸಲು ಬಿಡಲಿಲ್ಲ. ಬದುಕಿರುವವರೆಗೂ. ಕರೆಂಟು ಬಂತು, ಫೋನು ಬಂತು, ರೇಡಿಯೋ ಬಂತು, ನಲ್ಲಿ ಬರಲಿಲ್ಲ.

ನಲ್ಲಿ ಇಲ್ಲ ಅಂದ್ರೆ ನೀರು ಬೇಡ ಅಂತಲ್ಲವಲ್ಲ. ಅಡುಗೆಗೆ, ಪಾತ್ರೆಗೆ, ಬಟ್ಟೆಗೆ, ಮಗುವಿನ ಸ್ನಾನಕ್ಕೆ, ತೋಟಕ್ಕೆ ನೀರು ಬೇಕು. ಬಾವಿಯಿಂದ ಹೊತ್ತು ತರಬೇಕು. ಫಿನ್ಲೆಂಡಿನ ಚಳಿಗಾಲದಲ್ಲಿ, ಸರೋವರ ಹೆಪ್ಪುಗಟ್ಟಿ ಅಂಗಳದ ತುಂಬ ಹಿಮ ಬಿದ್ದಿರುವಾಗಲೂ ತರಬೇಕು. ಮಹಡಿಯ ಮೇಲಿನ ನಿಶ್ಶಬ್ದವನ್ನು ಕೆಳಗೆ ಯಾರೋ ಬಕೆಟ್ಟಿನಲ್ಲಿ ಹೊತ್ತು ತರುತ್ತಿದ್ದರು.

ನಾನು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಅಮ್ಮ ಕೋಣೆಯ ಬಾಗಿಲ ಸಂದಿಯಲ್ಲಿ ಇಣುಕಿ, ‘ಕಾಲ್ ಇದ್ಯೇನೋ? ಮಿಕ್ಸಿ ಹಾಕ್ಲಾ?’ ಅಂತ ಸನ್ನೆಯಲ್ಲಿ ಕೇಳುತ್ತಾಳೆ. ನಾನು ಕೈ ಅಲ್ಲಾಡಿಸಿದರೆ ಚಟ್ನಿ ಅರ್ಧ ಗಂಟೆ ಮುಂದಕ್ಕೆ ಹೋಗುತ್ತದೆ. ನಾನಲ್ಲಿ ಬರೆಯುತ್ತಿರುವುದು ಸಿಂಫನಿಯಲ್ಲ, ಮುಂದಿನ ವಾರದ ಎಸ್ಟಿಮೇಟು. ಐನೋಳ ಬಗ್ಗೆ ಓದುವಾಗ ಈ ಮಿಕ್ಸಿ ನನಗೆ ಪದೇ ಪದೇ ನೆನಪಾಗುತ್ತಿತ್ತು.

ಐನೋ ಯಾರ್ನೆಫೆಲ್ಟ್ ಬಡವರ ಮನೆಯ ಹುಡುಗಿಯಲ್ಲ. ತಂದೆ ಜನರಲ್. ಅಣ್ಣತಮ್ಮಂದಿರಲ್ಲಿ ಒಬ್ಬ ಲೇಖಕ, ಒಬ್ಬ ಚಿತ್ರಕಾರ, ಒಬ್ಬ ಆರ್ಕೆಸ್ಟ್ರಾ ನಿರ್ದೇಶಕ. ಪುಸ್ತಕ, ಸಂಗೀತ, ಭಾಷೆಗಳ ನಡುವೆ ಬೆಳೆದವಳು. 1892ರಲ್ಲಿ ಮದುವೆಯಾದಾಗ ಆಕೆಗೆ ಇನ್ನೂ 21 ತುಂಬಿರಲಿಲ್ಲ. ಹನ್ನೆರಡು ವರ್ಷದ ನಂತರ ಐನೋಲಾಕ್ಕೆ ಬರುವ ಹೊತ್ತಿಗೆ ನಾಲ್ಕು ಹೆಣ್ಣುಮಕ್ಕಳನ್ನು ಹೆತ್ತು, ಅದರಲ್ಲಿ ಒಬ್ಬಳನ್ನು, ಪುಟ್ಟ ಕಿರ್ಸ್ತಿಯನ್ನು, 1900ರಲ್ಲಿ ಟೈಫಾಯ್ಡಿಗೆ ಕಳಕೊಂಡಿದ್ದಳು. ಇಲ್ಲಿಗೆ ಬಂದ ಮೇಲೆ ಇನ್ನೂ ಇಬ್ಬರು ಹುಟ್ಟಿದರು. ಎಲ್ಲರೂ ಹೆಣ್ಣುಮಕ್ಕಳೇ.

ತೋಟ ಶುರುವಾದದ್ದು ಹವ್ಯಾಸಕ್ಕಲ್ಲ. ಮನೆಗೆ ದುಡ್ಡು ಬರುತ್ತಿದ್ದ ರೀತಿ ನೋಡಿದರೆ ಇದು ಅರ್ಥವಾಗುತ್ತದೆ. 1897ರಿಂದ ಸರ್ಕಾರ ಅವನಿಗೆ ವರ್ಷಕ್ಕೆ 3000 ಮಾರ್ಕ್ ಕೊಡುತ್ತಿತ್ತು. ಆ ಕುಟುಂಬಕ್ಕೆ, ಆ ಸಿಗಾರಿಗೆ, ಅದು ಸಾಲುತ್ತಿರಲಿಲ್ಲ. ಜಗತ್ತೆಲ್ಲ ನುಡಿಸಿದ ‘ವಾಲ್ಸ್ ಟ್ರಿಸ್ಟ್’ ಅನ್ನುವ ಪುಟ್ಟ ಕೃತಿಯನ್ನು ಆತ ಕಡಿಮೆ ಮೊತ್ತಕ್ಕೆ ಒಂದೇ ಸಲ ಮಾರಿಬಿಟ್ಟಿದ್ದ. ಕಾಫಿ ಹೋಟೆಲುಗಳಲ್ಲೆಲ್ಲ ಅದು ಮೊಳಗುತ್ತಿದ್ದರೂ ಐನೋಲಾಕ್ಕೆ ಚಿಕ್ಕಾಸು ಬರಲಿಲ್ಲ. 1905ರಲ್ಲಿ ಬರ್ಲಿನ್ನಿನ ರಾಬರ್ಟ್ ಲೀನೌ ಅನ್ನುವ ಪ್ರಕಾಶಕನ ಜೊತೆ ಒಪ್ಪಂದವಾಯಿತು: ವರ್ಷಕ್ಕೆ ನಾಲ್ಕು ದೊಡ್ಡ ಕೃತಿ ಕೊಡಬೇಕು. ವರ್ಷಕ್ಕೆ ನಾಲ್ಕು! ನಮ್ಮ ಕ್ವಾರ್ಟರ್ಲಿ ಟಾರ್ಗೆಟ್ ಥರಾನೇ. ಆತ ಅದನ್ನು ಪೂರೈಸಲು ಆಗಲಿಲ್ಲ ಅನ್ನುವುದರಲ್ಲಿ ಆಶ್ಚರ್ಯವೇನಿಲ್ಲ.

ಇಂಥ ಮನೆಯಲ್ಲಿ ಆಲೂಗಡ್ಡೆ ಬೆಳೆಯುವುದು, ಸೇಬಿನ ಗಿಡ ನೆಡುವುದು ಅಂದರೆ ಸಂಸಾರ ನಡೆಸುವುದು. ಅಲ್ಲಿನ ಬೇಸಿಗೆ ಗಿಡ್ಡ. ಮೇ ತಿಂಗಳಲ್ಲಿ ನೆಲ ಮೆತ್ತಗಾಗುತ್ತದೆ, ಸೆಪ್ಟೆಂಬರಿಗೆ ಮತ್ತೆ ಮಂಜು. ಆ ನಾಲ್ಕು ತಿಂಗಳಲ್ಲಿ ಬಿತ್ತಿ, ಕಳೆ ಕಿತ್ತು, ನೀರುಣಿಸಿ, ಕೊಯ್ದು, ಉಳಿದ ಎಂಟು ತಿಂಗಳಿಗೆ ನೆಲಮಾಳಿಗೆ ತುಂಬಿಸಬೇಕು. ತರಕಾರಿ ಜೊತೆ ಹಣ್ಣಿನ ಮರ, ಬೆರ್ರಿ ಪೊದೆ, ಹೂವಿನ ಪಾತಿ ಕೂಡ. ಮನೆಯ ಸೌನಾ, ಅಂದರೆ ಬೆವರುವ ಹಬೆಯ ಬಚ್ಚಲುಮನೆ, ಅದರ ನಕ್ಷೆ ಹಾಕಿದವಳು ಐನೋಳೇ. ಬಟ್ಟೆ ಒಗೆಯುವುದೂ ಅಲ್ಲೇ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಟ್ಟವಳೂ ಆಕೆಯೇ.

1907ರಲ್ಲಿ ಐನೋ ಬಸವಳಿದು ಹ್ಯುವಿಂಕ್ಯಾ ಅನ್ನುವ ಊರಿನ ಸ್ಯಾನಿಟೋರಿಯಂ ಸೇರಬೇಕಾಯಿತು. ಅದೇ ವರ್ಷ ಮೂರನೆಯ ಸಿಂಫನಿ ಮುಗಿಯಿತು. ಸಂಗೀತದ ಚರಿತ್ರೆಯಲ್ಲಿ ಎರಡನೆಯ ಸಂಗತಿಗೇ ದಪ್ಪ ಅಕ್ಷರ. ಮಾರನೇ ವರ್ಷ ಸಿಬೇಲಿಯಸ್‌ಗೆ ಗಂಟಲಲ್ಲಿ ಗಡ್ಡೆ ಕಾಣಿಸಿ ಬರ್ಲಿನ್ನಿನಲ್ಲಿ ಆಪರೇಷನ್ ಆಯಿತು. ಆ ಹೆದರಿಕೆಗೆ ಸುಮಾರು ಏಳು ವರ್ಷ ಕುಡಿತ, ಸಿಗಾರು ಎರಡನ್ನೂ ಬಿಟ್ಟ. ಐನೋಲಾದ ನೆಮ್ಮದಿಯ ವರ್ಷಗಳು ಅಂತ ಇದ್ದರೆ ಅವೇ ಇರಬೇಕು.

ಇನ್ನು ಅಂಚೆ. ಆತ ಕಾಗದದ ಮೇಲೆ ಬರೆದ ಮಾತುಗಳನ್ನೆಲ್ಲ ಕೂಡಿಸಿದರೆ ಸ್ವರಗಳಿಗೆ ಸರಿಸಾಟಿಯಾಗಿ ನಿಲ್ಲಬಹುದೇನೋ. ಪ್ರಕಾಶಕರಿಗೆ, ಸಾಲ ಕೊಟ್ಟವರಿಗೆ, ನಿರ್ದೇಶಕರಿಗೆ ಪತ್ರ. ಪ್ರವಾಸದಲ್ಲಿದ್ದಾಗ ಐನೋಳಿಗೆ ಪತ್ರ. ಈ ಗಂಡ ಹೆಂಡತಿಯ ಪತ್ರಗಳಲ್ಲಿ ಒಂದು ಸ್ವಾರಸ್ಯವಿದೆ. ಸಿಬೇಲಿಯಸ್‌ನ ಮನೆಮಾತು ಸ್ವೀಡಿಷ್, ಫಿನ್ನಿಷ್ ಆತ ಶಾಲೆಯಲ್ಲಿ ಕಲಿತದ್ದು. ಐನೋಳ ಮನೆಯವರು ಫಿನ್ನಿಷ್ ಚಳವಳಿಯವರು. ಹಾಗಾಗಿ ಆತ ಹೆಚ್ಚಾಗಿ ಸ್ವೀಡಿಷ್‌ನಲ್ಲಿ ಬರೆದರೆ ಆಕೆ ಫಿನ್ನಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಬೆಂಗಳೂರಿನ ಎಷ್ಟೋ ಮನೆಗಳ ವಾಟ್ಸಾಪ್ ಗ್ರೂಪು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1909ರಿಂದ 1944ರವರೆಗೆ ಡೈರಿಯೂ ಇತ್ತು, ಸ್ವೀಡಿಷ್‌ನಲ್ಲಿ. ಮನಸ್ಸಿನ ಕತ್ತಲನ್ನೆಲ್ಲ ಅದಕ್ಕೆ ಸುರಿಯುತ್ತಿದ್ದ. 1915ರ ಏಪ್ರಿಲ್ 21ರ ಡೈರಿಯಲ್ಲಿ ಮಾತ್ರ ಬೆಳಕಿದೆ. ಅವತ್ತು ತಲೆಯ ಮೇಲೆ ಸುತ್ತಿ, ಬಿಸಿಲ ಮಬ್ಬಿನಲ್ಲಿ ಮರೆಯಾದ ಹದಿನಾರು ಹಂಸಗಳನ್ನು ಆತ ನೋಡಿದ. ಐದನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಹಾರ್ನ್‌ಗಳು ತೂಗಿ ತೂಗಿ ನುಡಿಸುವ ಆ ಸ್ವರಗಳನ್ನು ಇವತ್ತಿಗೂ ಹಂಸಗಳ ಹೆಸರಿನಲ್ಲೇ ಕರೆಯುತ್ತಾರೆ. ಇನ್ನೂ ಕೇಳದಿದ್ದರೆ ಇವತ್ತು ರಾತ್ರಿ ಕೇಳಿ. ಮೊದಲ ಹತ್ತು ನಿಮಿಷ ಏನೂ ಅರ್ಥವಾಗದಿದ್ದರೂ ಬಿಡಬೇಡಿ.

ಅಂಚೆಯ ಗೆಳೆಯರಲ್ಲಿ ನನಗೆ ತುಂಬ ಇಷ್ಟವಾದವನು ಆಕ್ಸೆಲ್ ಕಾರ್ಪೆಲಾನ್. ಹೆಸರಿಗೆ ಬ್ಯಾರನ್, ಕೈಯಲ್ಲಿ ಕಾಸಿಲ್ಲ. 1900ರಲ್ಲಿ ಹೆಸರು ಹಾಕದೆ ಒಂದು ಪತ್ರ ಬರೆದು ಪರಿಚಯವಾದವನು. ‘ಫಿನ್ಲಾಂಡಿಯಾ’ ಅನ್ನುವ ಹೆಸರು ಸೂಚಿಸಿದ್ದು ಅವನೇ. ತನ್ನ ಬಳಿ ದುಡ್ಡಿಲ್ಲದಿದ್ದರೂ ಉಳ್ಳವರನ್ನು ಕಾಡಿ ಬೇಡಿ ಸಿಬೇಲಿಯಸ್‌ನನ್ನು ಇಟಲಿಗೆ ಕಳಿಸಿದ. ಎರಡನೆಯ ಸಿಂಫನಿ ಮೊಳೆತದ್ದು ಆ ಪ್ರವಾಸದಲ್ಲಿ, ಅದರ ಅರ್ಪಣೆಯೂ ಕಾರ್ಪೆಲಾನ್‌ಗೇ. ಹತ್ತೊಂಬತ್ತು ವರ್ಷ ಪತ್ರದಲ್ಲೇ ಗದರಿಸಿ, ಹುರಿದುಂಬಿಸಿ, ಹೊಸ ಕೃತಿ ಎಲ್ಲಿ ಅಂತ ಕೇಳುತ್ತ ಬಂದ. 1919ರ ಮಾರ್ಚಿನಲ್ಲಿ ಅವನು ಸತ್ತಾಗ, ಇನ್ನು ನಾನು ಯಾರಿಗೋಸ್ಕರ ಬರೆಯಲಿ ಎಂಬರ್ಥದ ಮಾತನ್ನು ಸಿಬೇಲಿಯಸ್ ಡೈರಿಯಲ್ಲಿ ತೋಡಿಕೊಂಡ. ಓದುಗ ಅಂದರೆ ಒಬ್ಬನೇ ಇದ್ದರೂ ಸಾಕು, ಅಲ್ವಾ?

ಅಷ್ಟರಲ್ಲಿ ದೇಶ ರಷ್ಯಾದಿಂದ ಸ್ವತಂತ್ರವಾಗಿ, 1918ರ ಅಂತರ್ಯುದ್ಧವನ್ನೂ ಕಂಡಿತ್ತು. ಕೆಂಪು ಪಡೆಯವರು ಐನೋಲಾಕ್ಕೂ ನುಗ್ಗಿ ಶೋಧಿಸಿದರು. ಕುಟುಂಬ ಸ್ವಲ್ಪ ಕಾಲ ಹೆಲ್ಸಿಂಕಿಗೆ ಹೋಗಿ, ಸಿಬೇಲಿಯಸ್‌ನ ತಮ್ಮ ಡಾಕ್ಟರಾಗಿದ್ದ ಆಸ್ಪತ್ರೆಯಲ್ಲಿ ತಂಗಬೇಕಾಯಿತು. ಊಟಕ್ಕೆ ತತ್ವಾರದ ದಿನಗಳು, ಆತ ಸಿಕ್ಕಾಪಟ್ಟೆ ಸೊರಗಿಹೋದ.

ಕುಡಿತ ಮರಳಿ ಬಂದಿತ್ತು. ಬರೆಯುವ ಕೈ ನಡುಗದಿರಲು ವಿಸ್ಕಿ ಬೇಕು ಅನ್ನುವ ಸ್ಥಿತಿ. 1923ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕಛೇರಿಯನ್ನೇ ರಿಹರ್ಸಲ್ ಅಂದುಕೊಂಡು ಆರ್ಕೆಸ್ಟ್ರಾವನ್ನು ನಡುವೆ ನಿಲ್ಲಿಸಿದನಂತೆ. ಸಭೆಯಲ್ಲಿ ಐನೋ ಕೂತಿದ್ದಳು. ಮಾರನೇ ವರ್ಷ, ಏಳನೆಯ ಸಿಂಫನಿಯ ಮೊದಲ ಪ್ರದರ್ಶನ ಸ್ಟಾಕ್‌ಹೋಮಿನಲ್ಲಿ. ಅದರ ಹೊತ್ತಿಗೆ ಐನೋ ಗಂಡನಿಗೆ ಒಂದು ಪತ್ರ ಕೊಟ್ಟಳು. ಒಂದೇ ಮನೆ, ಒಂದೇ ಊಟದ ಮೇಜು, ಆದರೂ ಪತ್ರ. ನಿಶ್ಶಬ್ದ ರೂಢಿಯಾದ ಮನೆಯಲ್ಲಿ ಇಂಥ ಮಾತು ಬಾಯಲ್ಲಿ ಆಡಲು ಬರುವುದಿಲ್ಲ ಅಂತ ನನ್ನ ಊಹೆ. ಕುಡಿತದಿಂದ ಹೊರಗೆ ಬಾ, ಅದರ ನೆರವಿಂದ ಬರೆದದ್ದು ನಿನಗೆ ತೃಪ್ತಿ ಕೊಡುತ್ತದಾ ಅನ್ನುವುದು ಅದರ ಸಾರ. ಜೊತೆಗೆ, ತಾನು ಸ್ಟಾಕ್‌ಹೋಮಿಗೆ ಬರುವುದಿಲ್ಲ ಅಂದಳು. ಹೋಗಲೂ ಇಲ್ಲ. 1924ರ ಮಾರ್ಚ್ 24ರಂದು ಆ ಸಿಂಫನಿ ಮೊದಲ ಸಲ ಕೇಳಿಸಿದಾಗ ಐನೋ ಅಲ್ಲಿರಲಿಲ್ಲ. ಸಿಬೇಲಿಯಸ್ ಆ ಪತ್ರವನ್ನು ಹರಿದು ಹಾಕದೆ ಇಟ್ಟುಕೊಂಡ. ಅವನ ಪರವಾಗಿ ಹೇಳಬಹುದಾದ ದೊಡ್ಡ ಮಾತು ಅದು.

1926ರಲ್ಲಿ ‘ತಾಪಿಯೋಲಾ’ ಬಂತು, ಫಿನ್ನಿಷ್ ಕಾಡಿನ ದೇವತೆಯ ಹೆಸರಿನ ಕೃತಿ. ಅದರ ನಂತರ ದೊಡ್ಡದು ಏನೂ ಬರಲಿಲ್ಲ. ಆತ ಬದುಕಿದ್ದು 1957ರವರೆಗೆ. ಮೂವತ್ತು ವರ್ಷ.

ಬರೆಯುತ್ತಿರಲಿಲ್ಲ ಅಂತಲ್ಲ. ಎಂಟನೆಯ ಸಿಂಫನಿ ನಡೆಯುತ್ತಿತ್ತು. ಬಾಸ್ಟನ್ ಸಿಂಫನಿಯ ನಿರ್ದೇಶಕ ಸೆರ್ಗೆ ಕೂಸೆವಿಟ್ಸ್ಕಿ ಪತ್ರದ ಮೇಲೆ ಪತ್ರ ಬರೆದ. ಕೊಡುತ್ತೇನೆ ಅಂತ ಇವನು ಹೇಳುವುದು, ಮತ್ತೆ ಈ ಸಲ ಆಗಲ್ಲ ಅನ್ನುವುದು. 1932-33ರ ಹಂಗಾಮಿನಲ್ಲಿ ಕೂಸೆವಿಟ್ಸ್ಕಿ ಏಳೂ ಸಿಂಫನಿಗಳನ್ನು ಸಾಲಾಗಿ ನುಡಿಸಿ ಎಂಟನೆಯದಕ್ಕಾಗಿ ಕಾದ. ಬರಲಿಲ್ಲ. ‘ಇವತ್ತು ಸಂಜೆಯೊಳಗೆ ಕಳಿಸ್ತೀನಿ’ ಅಂತ ಮೇಲ್ ಹಾಕಿ ಲ್ಯಾಪ್‌ಟಾಪ್ ಮುಚ್ಚಿದ ಅನುಭವ ನಮಗೆಲ್ಲ ಇದೆ, ಆದರೆ ಇಲ್ಲಿ ಕಾಯುತ್ತಿದ್ದದ್ದು ಮ್ಯಾನೇಜರ್ ಅಲ್ಲ, ಎರಡು ಖಂಡ. 1933ರಲ್ಲಿ ಮೊದಲ ಭಾಗದ 23 ಪುಟಗಳನ್ನು ನಕಲುಗಾರ ಪೌಲ್ ವೋಯ್ಟ್ ಶುದ್ಧಪ್ರತಿ ಮಾಡಿಕೊಟ್ಟ. ಅಷ್ಟರಮಟ್ಟಿಗೆ ಅದು ನಿಜವಾಗಿಯೂ ಇತ್ತು.

ಅಂಚೆ ಮಾತ್ರ ಏರುತ್ತಲೇ ಹೋಯಿತು. 1938ರಿಂದ ಸಾಂತೆರಿ ಲೇವಾಸ್ ಅನ್ನುವ ಕಾರ್ಯದರ್ಶಿಯನ್ನು ಇಟ್ಟುಕೊಳ್ಳಬೇಕಾಯಿತು. ಹಸ್ತಾಕ್ಷರ ಕೇಳುವವರು, ಅಭಿಮಾನಿಗಳು, ರೇಡಿಯೋದವರು, ಎಲ್ಲರಿಗಿಂತ ಹೆಚ್ಚಾಗಿ ಎಂಟನೆಯದು ಯಾವಾಗ ಅಂತ ಕೇಳುವವರು. ಸ್ವರ ಬರೆಯುವ ಕೆಲಸ ಕರಗುತ್ತ, ಉತ್ತರ ಬರೆಯುವ ಕೆಲಸವೇ ದಿನದ ಕೆಲಸವಾಯಿತು. ನಮ್ಮಲ್ಲೂ ಬಹಳ ಜನರ ವೃತ್ತಿಜೀವನ ಹೀಗೇ ಇನ್‌ಬಾಕ್ಸಿನೊಳಗೆ ಮುಗಿಯುತ್ತದೆ, ಬಿಡಿ. ಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಬಂದುಬಿಡಿ ಅನ್ನುವ ಕರೆಗಳೂ ಬಂದವು. ಆತ ಐನೋಲಾ ಬಿಡಲಿಲ್ಲ.

1940ರ ದಶಕದಲ್ಲಿ ಒಂದು ದಿನ, ಸಾಮಾನ್ಯವಾಗಿ 1945 ಅನ್ನುತ್ತಾರೆ, ಸಿಬೇಲಿಯಸ್ ಹಸ್ತಪ್ರತಿಗಳನ್ನು ಬಟ್ಟೆ ತುಂಬುವ ಬುಟ್ಟಿಯೊಂದರಲ್ಲಿ ತುಂಬಿಕೊಂಡು ಊಟದ ಕೋಣೆಗೆ ಬಂದ. ಆ ಹಸಿರು ಅಗ್ಗಿಷ್ಟಿಕೆಯಲ್ಲಿ ಬೆಂಕಿ ಇತ್ತು. ಒಂದೊಂದಾಗಿ ಹಾಕಿದ. ಇದನ್ನು ನಮಗೆ ತಿಳಿಸಿದವಳು ಐನೋ. ನೋಡುತ್ತ ನಿಲ್ಲುವ ಶಕ್ತಿ ತನಗಿರಲಿಲ್ಲ, ಕೋಣೆಯಿಂದ ಎದ್ದು ಹೋದೆ ಅಂತ ಆಕೆ ಹೇಳಿದ್ದಾಳೆ. ಹಾಗಾಗಿ ಏನೇನು ಸುಟ್ಟುಹೋಯಿತು ಅನ್ನುವುದೂ ಆಕೆಗೆ ಪೂರ್ತಿ ತಿಳಿಯಲಿಲ್ಲ. ಆಮೇಲೆ ಗಂಡ ಮೊದಲಿಗಿಂತ ಶಾಂತನಾದ, ಗೆಲುವಾದ ಅಂತಲೂ ಹೇಳಿದ್ದಾಳೆ. ಎಂಟನೆಯ ಸಿಂಫನಿ ಮತ್ತೆ ಕಾಣಿಸಲಿಲ್ಲ. ಅದಕ್ಕೆ ಸೇರಿದ್ದಿರಬಹುದಾದ ಕೆಲವು ಚೂರುಗಳನ್ನು 2011ರಲ್ಲಿ ಹೆಲ್ಸಿಂಕಿಯಲ್ಲಿ ನುಡಿಸಿದರು. ಸುಮಾರು ಮೂರು ನಿಮಿಷ ಬರುತ್ತದೆ.

ಈ ಬೆಂಕಿಯ ಬಗ್ಗೆ ಪುಸ್ತಕಗಟ್ಟಲೆ ಬರೆದಿದ್ದಾರೆ: ಆತ್ಮವಿಮರ್ಶೆಯ ಪರಾಕಾಷ್ಠೆ, ಆಧುನಿಕತೆಯ ಎದುರು ಸೋಲು, ಇತ್ಯಾದಿ. ನನ್ನ ಕಣ್ಣು ಹೋಗುವುದು ಎದ್ದು ಹೊರಟುಹೋದ ಐನೋಳ ಕಡೆಗೆ. ನಲವತ್ತು ವರ್ಷ ನೀರು ಹೊತ್ತು, ಮಕ್ಕಳ ಬಾಯಿ ಮುಚ್ಚಿಸಿ ಆ ಮನೆ ಕಾದದ್ದು ಯಾವುದಕ್ಕಾಗಿಯೋ ಅದು ಬುಟ್ಟಿಯಲ್ಲಿತ್ತು. ಕಾಗದ ಅವನದು, ಸುಡುವ ಹಕ್ಕೂ ಅವನದೇ ಅಂತ ವಾದಿಸಬಹುದು. ನನಗೆ ಅಷ್ಟು ಸಲೀಸಾಗಿ ಒಪ್ಪಲಾಗುತ್ತಿಲ್ಲ. ಆದರೆ ಆಕೆ ಆ ದಿನದ ಬಗ್ಗೆ ದೂರಿನ ದನಿಯಲ್ಲಿ ಮಾತಾಡಿಲ್ಲ. ಅವನು ಹಗುರಾದ ಅನ್ನುವುದನ್ನೇ ಎತ್ತಿ ಹೇಳಿದಳು. ಆ ವರ್ಷವೂ ಆಲೂಗಡ್ಡೆ ಅಗೆಯಬೇಕಿತ್ತು.

ಕೊನೆಯ ವರ್ಷಗಳು ತಿಳಿಯಾಗಿದ್ದವು. ಸಾಲ ಎಂದೋ ತೀರಿತ್ತು, ವಿದೇಶಗಳಿಂದ ಸಿಗಾರಿನ ಪೆಟ್ಟಿಗೆಗಳು ಬರುತ್ತಿದ್ದವು. 1955ರಲ್ಲಿ 90 ತುಂಬಿದಾಗ ಸಾವಿರಕ್ಕೂ ಹೆಚ್ಚು ಟೆಲಿಗ್ರಾಮ್ ಬಂದವು. ಚರ್ಚಿಲ್ ಕೂಡ ಸಿಗಾರು ಕಳಿಸಿದ್ದ. 1957ರ ಸೆಪ್ಟೆಂಬರಿನಲ್ಲಿ, ಸಾಯುವ ಎರಡು ದಿನ ಮೊದಲು, ವಾಕಿಂಗಿನಿಂದ ಮರಳಿ ಬಂದವನು ಆಕಾಶದಲ್ಲಿ ಕೊಕ್ಕರೆಗಳ ಹಿಂಡು ನೋಡಿದ್ದನ್ನು ಐನೋಳಿಗೆ ಸಂಭ್ರಮದಿಂದ ಹೇಳಿದ. ಸೆಪ್ಟೆಂಬರ್ 20ರ ರಾತ್ರಿ ತೀರಿಕೊಂಡ. ಅದೇ ಸಂಜೆ ಹೆಲ್ಸಿಂಕಿಯಲ್ಲಿ ಮಾಲ್ಕಮ್ ಸಾರ್ಜೆಂಟ್ ಐದನೆಯ ಸಿಂಫನಿಯನ್ನು ನುಡಿಸುತ್ತಿದ್ದ, ಹಂಸಗಳ ಸಿಂಫನಿಯನ್ನು. ರೇಡಿಯೋದಲ್ಲಿ ಬರುತ್ತಿತ್ತು. ಸಿಬೇಲಿಯಸ್‌ನನ್ನು ತೋಟದಲ್ಲೇ ಮಣ್ಣು ಮಾಡಿದರು.

ಐನೋ ಇನ್ನೂ ಸುಮಾರು ಹನ್ನೆರಡು ವರ್ಷ ಅಲ್ಲೇ ಇದ್ದಳು. 1969ರ ಜೂನ್‌ನಲ್ಲಿ, 97ನೇ ವಯಸ್ಸಿಗೆ, ತೋಟದ ಅದೇ ಗೋರಿಗೆ ಸೇರಿದಳು. 1972ರಲ್ಲಿ ಮಕ್ಕಳು ಮನೆಯನ್ನು ಸರ್ಕಾರಕ್ಕೆ ಮಾರಿದರು. 1974ರಿಂದ ಅದು ಮ್ಯೂಸಿಯಂ. ಹಸಿರು ಅಗ್ಗಿಷ್ಟಿಕೆ, ಐವತ್ತನೇ ಹುಟ್ಟುಹಬ್ಬಕ್ಕೆ ಗೆಳೆಯರು ಕೊಟ್ಟ ಸ್ಟೈನ್‌ವೇ ಪಿಯಾನೋ ಎಲ್ಲವೂ ಇವೆ. ಸೌನಾವನ್ನೂ ತೋಟವನ್ನೂ ನೋಡಬಹುದು.

ಸಿಬೇಲಿಯಸ್ ಹೋದ ಮೇಲೆ ಐನೋಲಾಕ್ಕೆ ನಲ್ಲಿ ಬಂತು.